ಟಾಟಾ ಅವರ ಏಳೂಕಾಲು ತಾಸು

ನವಲಗುಂದದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಬರಲು ಸುಮಾರು ಒಂದು ತಾಸು ಹಿಡಿಯುತ್ತದೆ. ಹುಬ್ಬಳ್ಳಿಯಿಂದ ಮುಂಬಯಿಗೆ ನೇರ ಗೆರೆಯಲ್ಲಿ ಸುಮಾರು ೪೭೫ ಕಿಲೋಮೀಟರು. ವಿಮಾನದಲ್ಲಿ ಹೋದರೆ ತಾಸಿಗಿಂತ ತುಸುವೇ ಹೆಚ್ಚು. ನಮ್ಮ ದೇಶದಲ್ಲಿ ವಿಮಾನ ಸಂಚಾರವನ್ನು ವೇಳೆಗೆ ಸರಿಯಾಗಿ ನಡೆಸಿ ತೋರಿಸಿದ ಜೆ. ಆರ್. ಡಿ. ಟಾಟಾ ಅವರ ಜೀವನವನ್ನು ಸಹಪಾಠಿಗಳ ಮುಂದಿಡುವುದೇ ಈ ಚಿಕ್ಕ ಲೇಖನದ ಉದ್ದೇಶ.

ಜಹಾಂಗೀರ ರತನಜಿ ದಾದಾಭಾಯಿ ಟಾಟಾ ೧೯೦೪ನೆಯ ಜುಲೈ ೨೯ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಪಾರಸಿ, ತಾಯಿ ಫ್ರೆಂಚ್ ಮಹಿಳೆ. ಬೇಸಿಗೆಯಲ್ಲಿ ಅವರ ಕುಟುಂಬವು ಹೋಗಿ ಇರುತ್ತಿದ್ದ ಕಡಲತೀರದ ಊರಿನಲ್ಲಿ, ೧೯೦೯ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಹಾರಿ ದಾಟಿದ ಬ್ಲೇರಿಯೋ ಅವರ ಮನೆಯೂ ಇತ್ತು. ಹುಡುಗನಿಗೆ ವಿಮಾನದ ಹುಚ್ಚು ಹಿಡಿದುದು ಅಲ್ಲಿಯೇ.

ಕೇಂಬ್ರಿಜ್ಜಿನಲ್ಲಿ ಓದಬೇಕೆಂಬ ಅವರ ಆಸೆ ಕೈಗೂಡಲಿಲ್ಲ. ೧೯೨೫ರಲ್ಲಿ ತಂದೆ ಮುಂಬಯಿಗೆ ಕರೆಸಿಕೊಂಡು, ಸಂಬಳವಿಲ್ಲದ ಉಮೇದವಾರನನ್ನಾಗಿ ಕಚೇರಿಯಲ್ಲಿ ಕೂಡಿಸಿದರು. ಪದವಿ ದೊರೆಯಲಿಲ್ಲವೆಂಬ ಕೊರಗು ಅವರನ್ನು ಬಹುಕಾಲ ಕಾಡಿತಂತೆ. ನಮ್ಮ ಮನೆತನದಲ್ಲಿ ಮೊದಲಿಗನಾಗಿ ಬಿ. ಎ. ಪರೀಕ್ಷೆಗೆ ಕೂಡಲಿರುವ ನನಗೆ ಇದನ್ನೋದಿ ಸೋಜಿಗವೆನಿಸಿತು.

೧೯೨೯ರಲ್ಲಿ ಅವರು ಪಡೆದ ವಿಮಾನ ಚಾಲನೆಯ ಪರವಾನಗಿಯ ಸಂಖ್ಯೆ ಒಂದು. ಮರುವರ್ಷ ಇಂಗ್ಲಂಡ–ಭಾರತಗಳ ನಡುವೆ ಒಬ್ಬಂಟಿಯಾಗಿ ಹಾರುವ ಭಾರತೀಯನಿಗೆ ಆಗಾಖಾನರು ಸಾರಿದ್ದ ಬಹುಮಾನಕ್ಕಾಗಿ ಟಾಟಾ ಕರಾಚಿಯಿಂದ ಹೊರಟರು. ಎದುರು ದಿಕ್ಕಿನಿಂದ ಬರುತ್ತಿದ್ದ ತರುಣ ಆಸ್ಪಿ ಇಂಜಿನಿಯರ್ ಸ್ಪಾರ್ಕ್ ಪ್ಲಗ್ಗುಗಳಿಲ್ಲದೆ ಈಜಿಪ್ತಿನಲ್ಲಿ ಸಿಕ್ಕಿಬಿದ್ದಿದ್ದರು. ಟಾಟಾ ತಮ್ಮಲ್ಲಿದ್ದ ಹೆಚ್ಚಿನ ಪ್ಲಗ್ಗುಗಳನ್ನು ಕೊಟ್ಟರು. ಬಹುಮಾನವನ್ನು ಗೆದ್ದವರು ಆಸ್ಪಿ! ಮುಂದೆ ಅವರು ಭಾರತದ ವಾಯುಸೇನೆಯ ಮುಖ್ಯಸ್ಥರಾದರು.

ಇನ್ನು ೧೯೩೨ನೆಯ ಅಕ್ಟೋಬರ ೧೫. ಆ ಮುಂಜಾನೆ ೬ ಗಂಟೆ ೩೫ ನಿಮಿಷಕ್ಕೆ ಟಾಟಾ ಒಂದೇ ಇಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ೫೫ ಪೌಂಡು ಟಪಾಲು ಹೇರಿಕೊಂಡು ಕರಾಚಿಯನ್ನು ಬಿಟ್ಟರು. ಅಮದಾವಾದದಲ್ಲಿ ಪೆಟ್ರೋಲಿನ ಡಬ್ಬಿಗಳು ಎತ್ತಿನ ಚಕ್ಕಡಿಯಲ್ಲಿ ಬಂದವು! ಮಧ್ಯಾಹ್ನ ೧ ಗಂಟೆ ೫೦ ನಿಮಿಷಕ್ಕೆ ಮುಂಬಯಿಯ ಜುಹು. ಸಾವಿರ ಕಿಲೋಮೀಟರಿಗೆ ಮಿಕ್ಕಿದ ಹಾದಿ ಏಳೂಕಾಲು ತಾಸಿನಲ್ಲಿ ಸಂದಿತು. ಅಲ್ಲಿಂದ ಟಪಾಲನ್ನು ಮುಂದೊಯ್ದವರು ಅವರ ಜೊತೆಗಾರ ನೆವಿಲ್ ವಿನ್‌ಸೆಂಟ್. ಮದರಾಸಿನ ಆ ಹಾದಿಯಲ್ಲಿ ನಡುವಣ ನಿಲ್ದಾಣ ಯಾವುದು ಬಲ್ಲಿರಾ? ನಮ್ಮ ಬಳ್ಳಾರಿ! ನಕ್ಷೆಯ ಮೇಲೆ ಮುಂಬಯಿಯಿಂದ ಬಳ್ಳಾರಿಗೆ ಗೆರೆ ಎಳೆದು ನೋಡಿದೆ. ಅದು ಬಾಗಲಕೋಟೆಯ ಸಮೀಪವೇ ಹಾಯುತ್ತದೆ. ಹೊಲದಲ್ಲಿದ್ದವರು ತಲೆಯೆತ್ತಿ ನೋಡಿರಬಹುದೇ?

ರೇಡಿಯೋ ನೆರವಿಲ್ಲದಿದ್ದರೂ, ಸಹ್ಯಾದ್ರಿಯ ಮಳೆಗಾಲದಲ್ಲಿಯೂ, ಮೊದಲ ವರ್ಷ ಈ ಟಪಾಲು ವೇಳೆ ತಪ್ಪಲಿಲ್ಲ. ಆ ಸಂಸ್ಥೆ ೧೯೪೬ರಲ್ಲಿ ಏರ್ ಇಂಡಿಯಾ ಆಯಿತು. ೧೯೪೮ರಲ್ಲಿ ಲಂಡನ್ನಿಗೆ ಹಾರಿತು. ೧೯೫೩ರಲ್ಲಿ ಸರಕಾರದ ವಶವಾದ ಮೇಲೂ ಟಾಟಾ ಅಧ್ಯಕ್ಷರಾಗಿ ಉಳಿದರು. ೧೯೭೮ರಲ್ಲಿ ಸರಕಾರ ಅವರನ್ನು ಆ ಸ್ಥಾನದಿಂದ ತೆಗೆಯಿತು.

ಆದರೂ ೧೯೮೨ರ ಅಕ್ಟೋಬರ ೧೫ರಂದು, ೭೮ನೆಯ ವಯಸ್ಸಿನಲ್ಲಿ, ಅಂಥದೇ ಹಳೆಯ ಪುಟ್ಟ ವಿಮಾನವೊಂದನ್ನು ಒಬ್ಬರೇ ನಡೆಸಿಕೊಂಡು ಕರಾಚಿಯಿಂದ ಮುಂಬಯಿಗೆ ಮತ್ತೆ ಬಂದಿಳಿದರು. ೧೯೯೨ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. ೧೯೯೩ರ ನವೆಂಬರ ೨೯ರಂದು ಜಿನೀವಾದಲ್ಲಿ ತೀರಿಕೊಂಡರು. ಇಂದು ಆ ಎರಡು ಊರುಗಳ ನಡುವೆ ನೇರ ವಿಮಾನವಿಲ್ಲ. ಹೋಗಬೇಕಾದವರು ದುಬೈಯಂಥ ಮೂರನೆಯ ಊರನ್ನು ಸುತ್ತಿ ಹೋಗುತ್ತಾರೆ.