ಹ್ಯೂಗೋ ಥ್ರೊಸೆಲ್: ಪದಕ ಗೆದ್ದು ಯುದ್ಧ ಬೇಡವೆಂದವರು

ಮೊದಲ ಮಹಾಯುದ್ಧದ ಪಾಠದ ದಿನ ನಮ್ಮ ಇತಿಹಾಸ ಉಪನ್ಯಾಸಕರು, 1918ರಲ್ಲಿ ಮೈಸೂರಿನ ಕುದುರೆ ಸವಾರರು ಪ್ಯಾಲೆಸ್ಟೀನಿನ ಹೈಫಾದಲ್ಲಿ ಹೋರಾಡಿದ್ದನ್ನು ಹೇಳಿದರು. ಅದನ್ನೇ ಲೈಬ್ರರಿಯಲ್ಲಿ ಹುಡುಕುತ್ತಿದ್ದಾಗ ನನಗೆ ಸಿಕ್ಕಿದವರು ಆಸ್ಟ್ರೇಲಿಯಾದ ಹ್ಯೂಗೋ ಥ್ರೊಸೆಲ್. ಆಮೇಲೆ ಹೈಫಾ ಮರೆತೇ ಹೋಯಿತು.

ಹ್ಯೂಗೋ 1884ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ನಾರ್ಥಮ್ ಊರಿನಲ್ಲಿ ಹುಟ್ಟಿದರು. ಹದಿನಾಲ್ಕು ಮಕ್ಕಳ ಮನೆ. ತಂದೆ ಜಾರ್ಜ್ 1901ರಲ್ಲಿ ಕೆಲಕಾಲ ಆ ರಾಜ್ಯದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ. ಹ್ಯೂಗೋ ತಮ್ಮ ಸಹೋದರ ರಿಕ್ ಜೊತೆ ಬೇಸಾಯ ಮಾಡುತ್ತಿದ್ದರು. ಮಳೆ ಕೈಕೊಟ್ಟಿತು. ಯುದ್ಧ ಶುರುವಾದಾಗ ಇಬ್ಬರೂ 10ನೇ ಲೈಟ್ ಹಾರ್ಸ್ ಪಡೆಗೆ ಸೇರಿದರು.

1915ರ ಆಗಸ್ಟ್ ಕೊನೆಯಲ್ಲಿ ಗ್ಯಾಲಿಪೋಲಿಯ ಹಿಲ್ 60ರಲ್ಲಿ, ತುರ್ಕಿ ಸೈನಿಕರು ಎಸೆದ ಕೈಬಾಂಬುಗಳನ್ನು ಸಿಡಿಯುವ ಮೊದಲೇ ಹೆಕ್ಕಿ ಹಿಂದಕ್ಕೆ ಎಸೆಯುತ್ತಾ ಹ್ಯೂಗೋ ಮತ್ತು ಸಂಗಡಿಗರು ಕಂದಕ ಉಳಿಸಿಕೊಂಡರು. ಕುತ್ತಿಗೆ, ಭುಜಕ್ಕೆ ಗಾಯವಾದರೂ ಅವರು ಕದಲಲಿಲ್ಲ. ಅದಕ್ಕೆ ವಿಕ್ಟೋರಿಯಾ ಕ್ರಾಸ್ ಬಂತು. ಓದುವಾಗ ನನಗೆ ಒಂದು ಸಂಕಟ: ಎದುರಿಗಿದ್ದ ತುರ್ಕರು ಕಾಯುತ್ತಿದ್ದದ್ದು ತಮ್ಮದೇ ನೆಲವನ್ನು.

1917ರ ಏಪ್ರಿಲ್‌ನಲ್ಲಿ ಗಾಜಾದ ಎರಡನೇ ಕದನ. ಆ ದಿನ ಹ್ಯೂಗೋ ಗಾಯಗೊಂಡರು, ರಿಕ್ ಕಾಣೆಯಾದರು. ಚಿಕ್ಕಂದಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕರೆಯಲು ಒಂದು ಸಿಳ್ಳೆ ಇಟ್ಟುಕೊಂಡಿದ್ದರಂತೆ. ರಾತ್ರಿ ಶತ್ರುಗಳ ಬಂದೂಕಿನೆದುರು, ಸತ್ತವರ ನಡುವೆ ತೆವಳುತ್ತಾ ಹ್ಯೂಗೋ ಅದೇ ಸಿಳ್ಳೆ ಹಾಕುತ್ತಾ ಹುಡುಕಿದರು. ಉತ್ತರ ಬರಲಿಲ್ಲ. ನಾನೂ ನನ್ನ ಅಣ್ಣನೂ ತೋಟದಲ್ಲಿ ಹೀಗೇ ಸಿಳ್ಳೆ ಹಾಕಿ ಕರೆದುಕೊಳ್ಳುತ್ತೇವೆ. ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ, ಮರುದಿನ ಮುಂದೆ ಓದಿದೆ.

1919ರಲ್ಲಿ ಅವರು ಲೇಖಕಿ ಕ್ಯಾಥರೀನ್ ಸುಸಾನಾ ಪ್ರಿಚರ್ಡ್ ಅವರನ್ನು ಮದುವೆಯಾದರು. ಅದೇ ವರ್ಷ ಜುಲೈಯಲ್ಲಿ ನಾರ್ಥಮ್‌ನಲ್ಲಿ ಶಾಂತಿಯ ಸಂಭ್ರಮಾಚರಣೆ. ಊರಿನ ವೀರನಿಂದ ಜನ ಹೊಗಳಿಕೆಯ ಮಾತು ಕಾದಿದ್ದರು. ಹ್ಯೂಗೋ ಎದ್ದು ನಿಂತು, ಕಣ್ಣಾರೆ ಕಂಡ ಯುದ್ಧ ತಮ್ಮನ್ನು ಸಮಾಜವಾದಿಯನ್ನಾಗಿ, ಯುದ್ಧವಿರೋಧಿಯನ್ನಾಗಿ ಮಾಡಿದೆ ಎಂದರು. ಜನ ದಂಗಾದರು. ಬಾಂಬು ಹಿಡಿದು ಎಸೆದದ್ದಕ್ಕಿಂತ ಇದಕ್ಕೇ ಹೆಚ್ಚು ಧೈರ್ಯ ಬೇಕಿತ್ತು ಎಂದು ನನಗನಿಸುತ್ತದೆ.

ಮುಂದಿನ ದಿನಗಳು ಕಷ್ಟದವು. ಆರ್ಥಿಕ ಕುಸಿತದಲ್ಲಿ ಸಾಲ ಬೆಳೆಯಿತು. 1933ರ ನವೆಂಬರಿನಲ್ಲಿ, ಪತ್ನಿ ವಿದೇಶದಲ್ಲಿದ್ದಾಗ, ಅವರು ತಮ್ಮ ಜೀವ ತಾವೇ ಕಳೆದುಕೊಂಡರು.

ಅವರಿಗೊಬ್ಬ ಮಗ. ಗಾಜಾದಲ್ಲಿ ಕಳೆದುಹೋದವರ ಹೆಸರನ್ನೇ ಇಟ್ಟಿದ್ದರು: ರಿಕ್. 1980ರ ದಶಕದಲ್ಲಿ ಆತ ತಂದೆಯ ಪದಕವನ್ನು ಅಣ್ವಸ್ತ್ರ ವಿರೋಧಿ ಸಂಘಟನೆಗೆ ಕೊಟ್ಟರು. ಮಾಜಿ ಸೈನಿಕರ ಸಂಘ ಅದನ್ನು ಕೊಂಡು ಕ್ಯಾನ್‌ಬೆರಾದ ಯುದ್ಧ ಸ್ಮಾರಕಕ್ಕೆ ಒಪ್ಪಿಸಿತು.