ಸ್ನೇಹಲತಾ ರೆಡ್ಡಿಯವರ ಸೆರೆವಾಸ

ಸಿರುಗುಪ್ಪ ಕುರುಗೋಡುಗಳ ಸಭೆಯವರು ಕೋರ್ಟು ಕಚೇರಿಯ ಕೆಲಸಕ್ಕೆಂದು ಬಳ್ಳಾರಿಗೆ ಬಂದಾಗ ಅಲ್ಲಿಯ ಸೆರೆಮನೆಯ ಗೋಡೆಯನ್ನು ನೋಡಿಯೇ ಇರುವರು. ಅಂಥ ಗೋಡೆಗಳ ಒಳಗೆ ಸ್ತ್ರೀಯರ ಗತಿ ಏನೆಂದು ಕೇಳುವವರು ನಮ್ಮಲ್ಲಿ ಕಡಿಮೆ. ಎಲಿಜಬೆತ್ ಫ್ರೈ ಅಮ್ಮನವರು 1813ರಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯನ್ನು ಹೊಕ್ಕು, ಅಲ್ಲಿ ತುಂಬಿಹೋಗಿದ್ದ ಹೆಂಗಸರನ್ನೂ ಕೂಸುಗಳನ್ನೂ ಕಂಡು ಅವರಿಗಾಗಿ ದುಡಿದ ಸಂಗತಿಯನ್ನು ಕೆಲವರು ಬಲ್ಲಿರಿ. ಆ ಅಮ್ಮನವರು ಸಾಯಂಕಾಲ ತಮ್ಮ ಮನೆಗೆ ಹಿಂದಿರುಗಬಹುದಾಗಿತ್ತು. ನಾವು ಈಗ ಹೇಳಲಿರುವವರಿಗೆ ಆ ಅನುಕೂಲವಿರಲಿಲ್ಲ.

ಶ್ರೀಮತಿ ಸ್ನೇಹಲತಾ ರೆಡ್ಡಿಯವರು 1932ರಲ್ಲಿ ಆಂಧ್ರದೇಶದ ಕ್ರೈಸ್ತ ಕುಟುಂಬವೊಂದರಲ್ಲಿ ಹುಟ್ಟಿದರು. ಕವಿಗಳಾದ ಪಟ್ಟಾಭಿರಾಮ ರೆಡ್ಡಿಯವರನ್ನು ಮದುವೆಯಾದರು. ಮದ್ರಾಸಿನಲ್ಲಿ ನಾಟಕಮಂಡಳಿಯೊಂದನ್ನು ಕಟ್ಟಿದವರಲ್ಲಿ ಒಬ್ಬರಾದರು. 1970ರಲ್ಲಿ ಪತಿಯು ತೆಗೆದ ಸಂಸ್ಕಾರ ಎಂಬ ಕನ್ನಡ ಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ವಹಿಸಿದರು. ನಾಟಕ ಸಿನೆಮಾಗಳೆಂದರೆ ಮುಖ ಸಿಂಡರಿಸುವ ಹಿರಿಯರು ನಮ್ಮ ಸಭೆಗಳಲ್ಲಿ ಇದ್ದಾರೆ. ಆದರೆ ಅಗ್ರಹಾರದವರು ಮಣ್ಣುಮಾಡಲೂ ಸುಡಲೂ ಒಲ್ಲದ ಒಂದು ಹೆಣದ ಬಳಿ ನಿಂತ, ಕೀಳೆನಿಸಿಕೊಂಡ ಕುಲದ ಹೆಂಗಸು ಈ ಚಂದ್ರಿ. ಆಕೆಯ ದುಃಖವು ನಮ್ಮವರಿಗೆ ಅರ್ಥವಾಗದ್ದಲ್ಲ.

1975ರ ಜೂನ್ 25ರಂದು ದೇಶದಲ್ಲಿ ತುರ್ತು ಪರಿಸ್ಥಿತಿಯು ಸಾರಲ್ಪಟ್ಟಿತು. ಸ್ನೇಹಲತಾರವರು ಲೋಹಿಯಾರವರ ವಿಚಾರವನ್ನು ಮೆಚ್ಚಿದವರು, ತಲೆಮರೆಸಿಕೊಂಡಿದ್ದ ಜಾರ್ಜ್ ಫರ್ನಾಂಡಿಸರ ಸ್ನೇಹಿತರು. ಬರೋಡಾ ಡೈನಮೈಟ್ ಮೊಕದ್ದಮೆಯ ಸಂಬಂಧವಾಗಿ 1976ರ ಮೇ 2ರಂದು ಅವರನ್ನು ಹಿಡಿದರು. ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ, ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅಧಿಕಾರ ಕೊಡುವ ಮೀಸಾ ಎಂಬ ಕಾನೂನಿನ ಕೆಳಗೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಯೇ ಇಟ್ಟರು. ಇಂಥ ಬಂಧನವನ್ನು ಪ್ರಶ್ನಿಸಲು ಆ ಕಾಲದಲ್ಲಿ ಯಾರೂ ಕೋರ್ಟಿಗೆ ಹೋಗಲಾಗದೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು ಏಪ್ರಿಲ್ 28ರಂದು, ಅಂದರೆ ಇವರನ್ನು ಹಿಡಿಯುವುದಕ್ಕೆ ಬರೀ ನಾಲ್ಕು ದಿನ ಮುಂಚೆ.

ಅವರಿಗೆ ಬಹುಕಾಲದಿಂದ ಉಬ್ಬಸದ ರೋಗವಿತ್ತು. ಕೋಣೆಯಲ್ಲಿ ಮಲಗುವುದು ನೆಲದ ಮೇಲೆ. ಸರಿಯಾದ ಔಷಧೋಪಚಾರ ದೊರೆಯದೆ ಅವರು ಪ್ರಜ್ಞೆ ತಪ್ಪಿ ಬಿದ್ದದ್ದೂ ಉಂಟು. ಅದೇ ಜೈಲಿನ ಪುರುಷರ ಭಾಗದಲ್ಲಿದ್ದ ಮಧು ದಂಡವತೆಯವರು, ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀತ್ಕಾರವು ತಮಗೆ ಕೇಳಿಬರುತ್ತಿತ್ತೆಂದು ಮುಂದೆ ಬರೆದರು. ಫಿಲಿಪ್ಪಿಯ ಸೆರೆಮನೆಯಲ್ಲಿ ನಡುರಾತ್ರಿ ಉಳಿದ ಸೆರೆಯವರಿಗೆ ಪೌಲ ಸೀಲರ ಹಾಡು ಕೇಳಿಸಿತು. ಬೆಂಗಳೂರಿನಲ್ಲಿ ಕೇಳಿಸಿದ್ದು ಇದು.

ಆ ಸ್ಥಿತಿಯಲ್ಲಿದ್ದವರು ತಮ್ಮ ದಿನಚರಿಯಲ್ಲಿ ತಮ್ಮನ್ನು ಕುರಿತು ಮಾತ್ರ ಬರೆಯಲಿಲ್ಲ. ಹೊಸದಾಗಿ ಒಳಬಂದ ಪ್ರತಿ ಹೆಂಗಸನ್ನೂ ಇತರರೆಲ್ಲರ ಮುಂದೆ ಬಟ್ಟೆ ಬಿಚ್ಚಿಸುತ್ತಿದ್ದರು. ಶಿಕ್ಷೆಯೆಂದು ಸೆರೆಮನೆಯನ್ನು ಕೊಟ್ಟಮೇಲೆ ದೇಹಕ್ಕೂ ಅವಮಾನವೇಕೆಂದು ಅವರು ಬರೆದಿಟ್ಟರು. ರಾಜಕೀಯ ಕೈದಿಗೆ ಹೊರಗೆ ಗೆಳೆಯರುಂಟು, ಹೆಸರುಂಟು. ಬಡ ಹೆಂಗಸರಿಗೆ ಅದೊಂದೂ ಇಲ್ಲ. ಅವರನ್ನು ಹೊಡೆಯುವುದನ್ನು ಸ್ನೇಹಲತಾರವರು ಎದುರಿಸಿ ನಿಂತರು, ಊಟವು ಸುಧಾರಿಸುವಂತೆ ಹಟಹಿಡಿದರು. ಉಸಿರಾಡುವುದೇ ಕಷ್ಟವಾಗಿದ್ದವರು ಆ ಹೆಂಗಸರಿಗೆ ಹಾಡು ಕಲಿಸಿದರು, ಆಟವಾಡಿಸಿದರು. ಸಭೆಯಲ್ಲಿ ಹಾಡು ಕಲಿಸುವ ನಾವು, ಸ್ವಲ್ಪ ನೆಗಡಿಯಾದರೂ ರಜೆ ಕೇಳುವವರು, ಇಲ್ಲಿ ತುಸು ನಾಚಬೇಕಾಗಿದೆ.

ಎಂಟು ತಿಂಗಳು ಕಳೆದ ಮೇಲೆ, ಇನ್ನು ಉಳಿಯರೆಂಬಂತಾದಾಗ, 1977ರ ಜನವರಿ 15ರಂದು ಪರೋಲಿನ ಮೇಲೆ ಹೊರಗೆ ಬಿಟ್ಟರು. 18ರಂದು ಚುನಾವಣೆಯು ಪ್ರಕಟವಾಯಿತು. 20ರಂದು ಅವರು ತೀರಿಕೊಂಡರು. ತುರ್ತು ಪರಿಸ್ಥಿತಿಯು ಮುಗಿದದ್ದು ಮಾರ್ಚ್ 21ರಂದು. ದಿನಚರಿಯು ಅದೇ ವರ್ಷ ಅಚ್ಚಾಯಿತು.

ಆ ಜೈಲು ಈಗ ಅಲ್ಲಿಲ್ಲ. ಆ ಸ್ಥಳವು ಫ್ರೀಡಂ ಪಾರ್ಕ್ ಎಂಬ ಉದ್ಯಾನವಾಗಿದೆ. ಹಳೆಯ ಕೋಣೆಗಳಲ್ಲಿ ಕೆಲವನ್ನು ಉಳಿಸಿದ್ದಾರೆ. ಬೆಂಗಳೂರಿಗೆ ಹೋಗುವ ನಮ್ಮವರು ಒಳಹೊಕ್ಕು ಅವುಗಳ ಅಳತೆಯನ್ನು ನೋಡಿಬರಬಹುದು.