ಶಿಶುನಾಳದ ಶರೀಫ ಸಾಹೇಬರು

ಕನ್ನಡ ನಾಡಿನಲ್ಲಿ ಸಂತರಿಗೆ ಎಂದೂ ಬರವಿಲ್ಲ. ಶರಣರು ವಚನಗಳನ್ನು ಕೊಟ್ಟರು. ದಾಸರು ಕೀರ್ತನೆಗಳನ್ನು ಕೊಟ್ಟರು. ಮಾನ್ವಿಯ ಜಗನ್ನಾಥದಾಸರನ್ನೂ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರನ್ನೂ ಅರಿಯದವರು ನಮ್ಮ ಸೀಮೆಯಲ್ಲಿ ವಿರಳ. ಆದರೆ ಶಿಶುನಾಳದ ಶರೀಫ ಸಾಹೇಬರನ್ನು ನನ್ನ ವಯಸ್ಸಿನ ಬಹುಮಂದಿ ಅರಿತದ್ದು ಗ್ರಂಥದಿಂದಲ್ಲ, ಚಲನಚಿತ್ರದ ಹಾಡಿನಿಂದ. ದೇವದುರ್ಗದಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ನಾನೂ ಹಾಗೆಯೇ ಅರಿತೆನು. ಆ ಹಾಡಿನ ಹಿಂದೆ ನಿಂತಿರುವ ಮಹಾನುಭಾವರ ಬಾಳನ್ನು ಬಲ್ಲ ಮಟ್ಟಿಗೆ ಇಲ್ಲಿ ನಿವೇದಿಸುತ್ತೇನೆ.

ಶರೀಫರು ಹುಟ್ಟಿದ್ದು 1819ರಲ್ಲಿ, ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ. ಆ ಊರು ಈಗ ಹಾವೇರಿ ಜಿಲ್ಲೆಗೆ ಸೇರಿದೆ. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಬಡತನದಲ್ಲಿಯೇ ಓದಿ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕೆಲವು ವರುಷ ಶಾಲಾ ಮಾಸ್ತರರಾಗಿದ್ದರು. ಸಂಬಳದ ಆ ನೌಕರಿಯನ್ನು ಬಿಟ್ಟು ಅವರು ನಡೆದದ್ದು ಕಳಸದ ಗೋವಿಂದಭಟ್ಟರ ಕಡೆಗೆ. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ! ಎರಡು ಕಡೆಯವರೂ ಗೊಣಗಿದರು. ಗುರುಗಳು ತಮ್ಮ ಜನಿವಾರವನ್ನೇ ಶಿಷ್ಯನಿಗೆ ತೊಡಿಸಿದರೆಂದು ಜನ ಇಂದಿಗೂ ಹೇಳುತ್ತಾರೆ. ಮದುವೆಯಾದ ಫಾತಿಮಾ ಅವರು ಒಂದು ಹೆಣ್ಣುಮಗುವಿನ ತರುವಾಯ ಬಹುಕಾಲ ಉಳಿಯಲಿಲ್ಲ. ಸಂಸಾರದ ನೆರಳು ತಪ್ಪಿದ ಮೇಲೆ ಶರೀಫರಿಗೆ ಉಳಿದದ್ದು ಗುರು, ಪದ, ತಿರುಗಾಟ. 1889ರಲ್ಲಿ ದೇಹವಿಟ್ಟಾಗ ಎರಡೂ ಧರ್ಮದವರು ಕೂಡಿ ಅವರ ಅಂತ್ಯವಿಧಿಗಳನ್ನು ನೆರವೇರಿಸಿದರು. ಶಿಶುನಾಳದ ಗದ್ದುಗೆಗೆ ಇಂದಿಗೂ ಇಬ್ಬರೂ ನಡೆದುಕೊಳ್ಳುತ್ತಾರೆ.

ಅವರ ಪದಗಳಲ್ಲಿರುವುದು ಉನ್ನತ ತತ್ತ್ವ. ಆದರೆ ಅದನ್ನು ಹೇಳಲು ಅವರು ಬಳಸಿದ್ದು ನಮ್ಮ ಮನೆಯ ಸಾಮಾನುಗಳನ್ನೇ. ಸೋರುವ ಮಾಳಿಗೆ, ತಂಬೂರಿ, ಸೇದುವ ಗುಡುಗುಡಿ, ಕೋಡಗವನ್ನು ನುಂಗುವ ಕೋಳಿ. ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲ ಕಳೆದವನಿಗೆ, ಸೋರುವ ಮನೆಯೆಂದರೆ ಅಜ್ಞಾನ ಕವಿದ ಬಾಳು ಎಂಬುದನ್ನು ಯಾವ ಪಂಡಿತನೂ ಬಿಡಿಸಿ ಹೇಳಬೇಕಾಗಿಲ್ಲ. ಮೊಹರಮ್ಮಿನ ಅಲಾವಿ ಹಾಡುಗಳನ್ನೂ ಅವರು ಕಟ್ಟಿದರು. ಮುದಗಲ್ಲಿನ ಮೊಹರಂ ಕಂಡ ನಮ್ಮ ಜಿಲ್ಲೆಯವರಿಗೆ, ಎರಡು ಮತದವರು ಒಂದೇ ಹಬ್ಬದಲ್ಲಿ ಹೆಜ್ಜೆ ಹಾಕುವುದು ಹೊಸತೇನೂ ಅಲ್ಲ.

ಶರೀಫರ ಪದಗಳು ಉಳಿದು ಬಂದದ್ದು ಹೆಚ್ಚಾಗಿ ಜನರ ಬಾಯಲ್ಲಿ. ಅಚ್ಚಿಗೆ ಬಂದದ್ದು ಆಮೇಲೆ. 1990ರಲ್ಲಿ ಟಿ. ಎಸ್. ನಾಗಾಭರಣರು 'ಸಂತ ಶಿಶುನಾಳ ಶರೀಫ' ಚಿತ್ರವನ್ನು ನಿರ್ದೇಶಿಸಿದರು. ಶ್ರೀಧರರು ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದಭಟ್ಟರಾದರು, ಸಿ. ಅಶ್ವತ್ಥರು ಸಂಗೀತ ಕೂಡಿಸಿದರು. ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ದೊರೆಯಿತು. ಹಳ್ಳಿಯ ಕಟ್ಟೆಯ ಮೇಲಿದ್ದ ಪದಗಳು ಪಟ್ಟಣದ ಮನೆಮನೆಯನ್ನು ಹೊಕ್ಕವು. ಅದೇ ನಿರ್ದೇಶಕರ 'ಜನುಮದ ಜೋಡಿ' (1996) ಚಿತ್ರದಲ್ಲಿ ಮಾದೇಶ್ವರನ ಜನಪದ ಹಾಡೊಂದು ಇದೇ ರೀತಿಯಲ್ಲಿ ನಾಡನ್ನೆಲ್ಲ ಸುತ್ತಿತು. ಸಿನಿಮಾ ಹಾಡೆಂದರೆ ಕೇವಲ ಮೋಜು ಎನ್ನುವ ಹಿರಿಯರು ಇದನ್ನು ಗಮನಿಸಬೇಕು.

ಆದರೆ ಇಲ್ಲಿಯೇ ಒಂದು ಆತಂಕವೂ ಉಂಟು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಅಜ್ಜಿಗೆ ಸಹಿ ಮಾಡಲೂ ಬಾರದು. ಚಿತ್ರದ ಹಾಡನ್ನು ಮೊಬೈಲಿನಲ್ಲಿ ಕೇಳಿಸಿದಾಗ ಆಕೆ, ಇದು ಅಮಾಸಿ ಭಜನೆಯ ಪದವಲ್ಲವೇ ಎಂದು ನಕ್ಕು, ಬೇರೊಂದು ಧಾಟಿಯಲ್ಲಿ ಹಾಡತೊಡಗಿದಳು. ನಾನು ಕೇಳಿದ ಹಾಡಿನಲ್ಲಿಲ್ಲದ ಒಂದು ನುಡಿಯೂ ಅದರಲ್ಲಿತ್ತು. ಕಳೆದ ವರುಷ ಮಾನ್ವಿ ತಾಲ್ಲೂಕಿನ ನಮ್ಮ ಸೋದರಮಾವನ ಊರಿನಲ್ಲಿ ಭಜನೆಗೆ ಕುಳಿತಿದ್ದೆನು. ಏಕತಾರಿ, ದಮ್ಮಡಿ, ತಾಳಗಳೊಡನೆ ಏಳು ಮಂದಿ ಹಾಡುತ್ತಿದ್ದರು. ಐವತ್ತಕ್ಕಿಂತ ಕಿರಿಯರು ಒಬ್ಬರೂ ಇರಲಿಲ್ಲ. ಹಿಂದೆ ಕುಳಿತ ಹುಡುಗರು ಸಿನಿಮಾದ ಧಾಟಿಯಲ್ಲಿ ಹಾಡಿರೆಂದು ಕೇಳಿದರು. ಹಿರಿಯರು ಬೇಸರಿಸದೆ ಅದನ್ನೂ ಹಾಡಿದರು. ಅವರ ಸ್ವಂತ ಧಾಟಿಯನ್ನು ಮಾತ್ರ ಯಾರೂ ಕೇಳಿ ಹಾಡಿಸಲಿಲ್ಲ.

ಅಶ್ವತ್ಥರ ಸಂಗೀತವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರು ಹಾಡದಿದ್ದರೆ ನಾನು ಅಜ್ಜಿಯನ್ನು ಕೇಳುತ್ತಲೇ ಇರಲಿಲ್ಲ. ಆದರೆ ಒಂದು ಪದಕ್ಕೆ ಊರಿಗೊಂದು ಧಾಟಿಯಿರುವಲ್ಲಿ, ಸಿನಿಮಾದ ಒಂದೇ ಧಾಟಿ ಉಳಿದರೆ ನಮಗೆ ನಷ್ಟವೇ ಸರಿ. ಸಹಪಾಠಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ರಜೆಗೆ ಊರಿಗೆ ಹೋದಾಗ ಒಂದು ಅಮಾವಾಸ್ಯೆಯ ರಾತ್ರಿ ಭಜನೆಯ ಕಟ್ಟೆಯ ಮೇಲೆ ಕುಳಿತುಕೊಳ್ಳಿರಿ. ಹಿರಿಯರು ಹಾಡಿದ್ದನ್ನು ಧ್ವನಿಮುದ್ರಿಸಿರಿ, ಪದವನ್ನು ಬರೆದುಕೊಳ್ಳಿರಿ, ಹಾಡಿದವರ ಹೆಸರನ್ನೂ ಬರೆಯಿರಿ. ನಾನು ಅಜ್ಜಿಯಿಂದ ಈವರೆಗೆ ಹನ್ನೊಂದು ಪದಗಳನ್ನು ಬರೆದುಕೊಂಡಿದ್ದೇನೆ. ಇನ್ನೂ ಇವೆಯಂತೆ.